ಔಷಧಿಯಾಚೆಯ ಆರೈಕೆ: ಕ್ಯಾನ್ಸರ್ ಬಂದ ಮನೆಗೆ ನಾವು ಮಾಡಬಹುದಾದದ್ದು

(ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಪ್ರತಿ ವರ್ಷ ಮಾರ್ಕ್ಸ್ ಕಾರ್ಡು, ಫೀಸು, ಹಾಸ್ಟೆಲ್ಲುಗಳ ಮಾತೇ ಹೆಚ್ಚು. ಈ ಸಲ ನಮಗೆ ಕೊಟ್ಟಿರುವ ವಿಷಯ ಕ್ಯಾನ್ಸರ್ ಬಂದವರ ಆರೈಕೆ. ವಿದ್ಯಾರ್ಥಿವೇತನ ಹಂಚುವ ಸಭೆಯಲ್ಲಿ ಈ ಮಾತು ಏಕೆ ಎಂದು ಕೆಲವರಿಗೆ ಅನಿಸಬಹುದು. ಹಾಜರಿ ಪುಸ್ತಕ ಬರೆದ ಶಿಕ್ಷಕರಿಗೆಲ್ಲ ಇದರ ಉತ್ತರ ಗೊತ್ತು. ಚೆನ್ನಾಗಿ ಓದುವ ಮಗು ಒಂದು ತಿಂಗಳು ಎರಡು ದಿನ ಗೈರು, ಮುಂದಿನ ತಿಂಗಳು ಹತ್ತು ದಿನ ಗೈರು, ದಸರಾ ರಜೆ ಮುಗಿದ ಮೇಲೆ ಬರುವುದೇ ಇಲ್ಲ. ವಿಚಾರಿಸಿದರೆ ಅಮ್ಮಿಗೆ ಹುಷಾರಿಲ್ಲ, ಅಬ್ಬಾ ಬೆಂಗಳೂರಿನ ದವಾಖಾನೆಯಲ್ಲಿ ಜೊತೆಗಿದ್ದಾರೆ, ಮನೆಯಲ್ಲಿ ತಮ್ಮ ತಂಗಿಯರಿಗೆ ರೊಟ್ಟಿ ತಟ್ಟುವವರು ಯಾರೂ ಇಲ್ಲ ಎಂಬ ಉತ್ತರ ಬರುತ್ತದೆ. ಫೀಸಿನ ಹಣವನ್ನು ನಾವು ಕೊಟ್ಟಿರುತ್ತೇವೆ. ಮಗು ಶಾಲೆ ಬಿಟ್ಟದ್ದು ಫೀಸಿಗಾಗಿ ಅಲ್ಲ.

ಆದ್ದರಿಂದ ನಾವು ಇಂದು ಹೇಳಬೇಕೆಂದಿರುವುದು ಒಂದೇ ಮಾತು. ಕ್ಯಾನ್ಸರಿನ ಆಪರೇಷನ್ನು, ಕಿಮೋ, ರೇಡಿಯೇಷನ್ನು ವೈದ್ಯರ ಕೆಲಸ. ಅದಕ್ಕೆ ಸರ್ಕಾರದ ದಾರಿಗಳೂ ಇವೆ. ಆದರೆ ಆ ಚಿಕಿತ್ಸೆಯ ಸುತ್ತ ಇರುವ ಬಸ್ಸಿನ ಖರ್ಚು, ಊಟ, ನೋವು, ಭಯ, ಜೊತೆಗಿರುವವರ ದಣಿವು, ಮಕ್ಕಳ ಶಾಲೆ ಇವು ಯಾರ ಕೆಲಸ ಎಂದು ಎಲ್ಲಿಯೂ ಬರೆದಿಲ್ಲ. ಅದು ನೆರೆಹೊರೆಯವರ ಕೆಲಸ. ಅದನ್ನು ನಾವು ಲೆಕ್ಕ ಇಟ್ಟು, ಸರತಿ ಹಾಕಿಕೊಂಡು ಮಾಡಬೇಕು.

ಮೊದಲು ನಮ್ಮ ಭಾಗದ ದಾರಿಯನ್ನು ನೋಡೋಣ. ನಮ್ಮವು ಹಳೆಯ ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿ, ಮುಂದೆ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಐದು ತಾಲ್ಲೂಕುಗಳೂ ಅದರೊಳಗೆ ಬಂದವು. ಜಿಲ್ಲೆಯ ಹೆಸರು ಬದಲಾದರೂ ರೋಗಿಯ ದಾರಿ ಹೆಚ್ಚು ಬದಲಾಗಿಲ್ಲ. ಗಂಟು ಕಂಡರೆ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಅಥವಾ ದಾವಣಗೆರೆ, ಅಲ್ಲಿಂದ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಇಲ್ಲವೇ ಬೆಂಗಳೂರಿನ ಕಿದ್ವಾಯಿ. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗೆ ಹೊಸಪೇಟೆ–ಹರಿಹರ ಮಾರ್ಗದ ರೈಲಾದರೂ ಇದೆ. ಕೂಡ್ಲಿಗಿ, ಹಡಗಲಿ ಪಟ್ಟಣಗಳಿಗೆ ಅದೂ ಇಲ್ಲ.

ಕಿದ್ವಾಯಿ ಎಂಬ ಹೆಸರು ನಮ್ಮ ಹಳ್ಳಿಗಳಲ್ಲಿ ರೋಗದ ಹೆಸರೇ ಆಗಿಬಿಟ್ಟಿದೆ. "ಅವರನ್ನು ಕಿದ್ವಾಯಿಗೆ ಕರೆದುಕೊಂಡು ಹೋದರಂತೆ" ಎಂದರೆ ಮುಂದೆ ಯಾರೂ ಮಾತಾಡುವುದಿಲ್ಲ. ಅದು ಒಬ್ಬ ಮನುಷ್ಯರ ಹೆಸರು ಎಂದು ಮಕ್ಕಳಿಗೆ ಗೊತ್ತಿರಲಿ. ರಫಿ ಅಹ್ಮದ್ ಕಿದ್ವಾಯಿ ಸ್ವಾತಂತ್ರ್ಯ ಹೋರಾಟಗಾರರು, ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವರು, ಮುಂದೆ ಆಹಾರ ಸಚಿವರು. 1954ರಲ್ಲಿ ತೀರಿಕೊಂಡರು. ಅವರ ನೆನಪಿನಲ್ಲಿ 1973ರಲ್ಲಿ ಆರಂಭವಾದ ಈ ಸಂಸ್ಥೆಗೆ ರಾಜ್ಯದ ಮೂಲೆಮೂಲೆಯ ಬಡವರು ನಂಬಿಕೆಯಿಂದ ಹೋಗುತ್ತಾರೆ. ಕಲಬುರಗಿಯಲ್ಲಿಯೂ ಅದರ ಕೇಂದ್ರವಿದೆ. ಅಲ್ಲಿಂದ ಗುಣವಾಗಿ ಬಂದು ಹೊಲ ಉಳುತ್ತಿರುವವರು, ಅಂಗಡಿ ನಡೆಸುತ್ತಿರುವವರು ನಮ್ಮ ತಾಲ್ಲೂಕುಗಳಲ್ಲೂ ಇದ್ದಾರೆ. ಸತ್ತವರ ಸುದ್ದಿ ಊರೆಲ್ಲ ಹಬ್ಬುತ್ತದೆ, ಬದುಕಿದವರು ಮಾತ್ರ ಸುಮ್ಮನೆ ಇದ್ದುಬಿಡುತ್ತಾರೆ.

ಇನ್ನು ಹಣದ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ರೇಷನ್ ಕಾರ್ಡು, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇವು ಮೂರನ್ನು ಒಂದು ಕವರಿನಲ್ಲಿ ಇಟ್ಟುಕೊಂಡು ಹೊರಡಬೇಕು. ಕಾರ್ಡಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಹೆಸರು ಇರುವುದು ನಮ್ಮವರಲ್ಲಿ ಸಾಮಾನ್ಯ. ಒಂದರಲ್ಲಿ ಬೀಬಿ ಇರುತ್ತದೆ, ಇನ್ನೊಂದರಲ್ಲಿ ಬೇಗಂ. ಆ ಒಂದು ಪದಕ್ಕಾಗಿ ಕೌಂಟರಿನಿಂದ ಹಿಂದಿರುಗಿದವರಿದ್ದಾರೆ. ಆರೋಗ್ಯವಾಗಿರುವಾಗಲೇ ಇದನ್ನು ಸರಿಪಡಿಸಿಕೊಳ್ಳಿ. ಅಕ್ಷರ ಕಲಿತ ನಮ್ಮ ಮಕ್ಕಳು ಮನೆಮನೆಗೆ ಮಾಡಬಹುದಾದ ಮೊದಲ ಸೇವೆ ಇದು.

ಚಿಕಿತ್ಸೆ ಉಚಿತವಾದರೂ ಖರ್ಚು ನಿಲ್ಲುವುದಿಲ್ಲ. ರೇಡಿಯೇಷನ್ ಎಂದರೆ ಮೇಷಿನ್ನಿನ ಕೆಳಗೆ ಕೆಲವೇ ನಿಮಿಷ. ಆದರೆ ಅದು ವಾರಕ್ಕೆ 5 ದಿನದಂತೆ ಹೆಚ್ಚಿನವರಿಗೆ 5ರಿಂದ 7 ವಾರ ನಡೆಯುತ್ತದೆ. ಹರಪನಹಳ್ಳಿಯ ಹಮಾಲಿಯೊಬ್ಬರು ಅಷ್ಟು ದಿನ ಕೂಲಿ ಬಿಟ್ಟು, ಪರಊರಿನಲ್ಲಿ ಉಂಡು ಮಲಗಿ, ಜೊತೆಗೊಬ್ಬರನ್ನು ಇಟ್ಟುಕೊಳ್ಳಬೇಕು. ನಾಲ್ಕನೇ ವಾರಕ್ಕೆ ಕೈ ಖಾಲಿಯಾಗುತ್ತದೆ. ಅದೇ ಹೊತ್ತಿಗೆ ಬಾಯಿ ಹುಣ್ಣಾಗಿ ಊಟ ಸೇರದಂತಾಗುತ್ತದೆ. "ಊರಿಗೆ ಹೋಗಿ ಬರುತ್ತೇವೆ" ಎಂದು ಹೊರಟವರು ಮರಳುವುದಿಲ್ಲ. ಅರ್ಧಕ್ಕೆ ಬಿಟ್ಟ ಚಿಕಿತ್ಸೆಯಿಂದ ಮಾಡಿಸಿದ ಅರ್ಧವೂ ಹಾಳು. ಇಲ್ಲಿ ಬೇಕಾಗಿದ್ದುದು ಲಕ್ಷಗಳಲ್ಲ, ಇನ್ನು ಮೂರು ವಾರದ ಊಟ ವಸತಿ.

ಪ್ರಯಾಣಕ್ಕೂ ಕೆಲವು ಅನುಕೂಲಗಳಿವೆ. ಚಿಕಿತ್ಸೆಗೆ ಅಥವಾ ತಪಾಸಣೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರರೊಬ್ಬರಿಗೆ ಶೇ. 75 ರಿಯಾಯಿತಿ ಇದೆ. ಆಸ್ಪತ್ರೆಯ ವೈದ್ಯರಿಂದ ನಿಗದಿತ ಪ್ರಮಾಣಪತ್ರ ಬರೆಸಿಕೊಳ್ಳಬೇಕು. ಶಕ್ತಿ ಯೋಜನೆಯಲ್ಲಿ 2023ರ ಜೂನ್‌ನಿಂದ ಮಹಿಳೆಯರಿಗೆ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ. ಗಂಡಸು ರೋಗಿಯಾದರೆ ಜೊತೆಗೆ ಹೋಗುವ ಹೆಂಡತಿಯ ಅಥವಾ ಅಕ್ಕನ ಟಿಕೆಟ್ಟಾದರೂ ಉಳಿಯುತ್ತದೆ.

ಈಗ ಮನೆಯೊಳಗಿನ ಆರೈಕೆಗೆ ಬರೋಣ. ಇದನ್ನು ಪಾಠದ ಹಾಗೆ ಹೇಳುತ್ತೇವೆ, ಬೇಸರ ಮಾಡಿಕೊಳ್ಳಬೇಡಿ.

ಒಂದು, ಕ್ಯಾನ್ಸರ್ ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ, ಮೊಮ್ಮಗುವನ್ನು ಅಪ್ಪಿಕೊಂಡರೂ ಬರುವುದಿಲ್ಲ. ದಸ್ತರ್‌ಖಾನ್ ಮೇಲೆ ಅವರ ಲೋಟ, ತಟ್ಟೆ ಬೇರೆ ಇಟ್ಟರೆ ಅವರಿಗಾಗುವ ನೋವಿಗೆ ಮಾತ್ರೆ ಇಲ್ಲ.

ಎರಡು, ಊಟ. ಬಾಯಿ, ಗಂಟಲಿಗೆ ರೇಡಿಯೇಷನ್ ಆದವರಿಗೆ ಖಾರ, ಹುಳಿ, ಗಟ್ಟಿ ರೊಟ್ಟಿ ಆಗುವುದಿಲ್ಲ. ರಾಗಿ ಅಂಬಲಿ, ನವಣೆ ಗಂಜಿ, ಮೆತ್ತಗೆ ಬೇಯಿಸಿದ ಅನ್ನ ಬೇಳೆ, ಮೊಟ್ಟೆ, ಎಲುಬಿನ ಸೂಪು ಇವನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರೇಳು ಸಲ ಕೊಡಬೇಕು. ರುಚಿ ಗೊತ್ತಾಗುವುದಿಲ್ಲ ಎಂದು ತಟ್ಟೆ ಸರಿಸಿದರೆ ಅಡುಗೆ ಮಾಡಿದವರು ಮುನಿಸಿಕೊಳ್ಳಬಾರದು. ಉಗುರುಬೆಚ್ಚಗಿನ ನೀರಿಗೆ ಉಪ್ಪು, ಅಡುಗೆ ಸೋಡಾ ಹಾಕಿ ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸಬೇಕು. ಬಾಯಿ ತೆರೆಯುವ ವ್ಯಾಯಾಮವನ್ನು ವೈದ್ಯರು ಹೇಳಿದಷ್ಟು ದಿನ ಬಿಡಬಾರದು. ಬಿಟ್ಟರೆ ದವಡೆ ಬಿಗಿದು ಚಮಚ ಹೋಗದಂತಾಗುತ್ತದೆ.

ಮೂರು, ಕಿಮೋ ನಡೆಯುತ್ತಿರುವಾಗ ಜ್ವರ ಬಂದರೆ ಅದನ್ನು ಸಾಮಾನ್ಯ ಜ್ವರ ಎಂದುಕೊಳ್ಳಬಾರದು. ಆಗ ರಕ್ತದ ಬಿಳಿ ಕಣಗಳು ಕಡಿಮೆಯಾಗಿರುತ್ತವೆ, ಸಣ್ಣ ಸೋಂಕೂ ಪ್ರಾಣಕ್ಕೆ ಬರಬಹುದು. 100.4 ಡಿಗ್ರಿ ದಾಟಿದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿಸಿ ಬೆಳಗಿನವರೆಗೆ ಕಾಯದೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಬೇಕು. ಕಿಮೋ ಬಂದ ಮನೆಯಲ್ಲಿ ಒಂದು ಥರ್ಮಾಮೀಟರ್, ಒಬ್ಬ ಆಟೋದವರ ನಂಬರು, ಆಸ್ಪತ್ರೆಯ ಫೈಲು ಒಂದೇ ಕಡೆ ಇರಲಿ.

ನಾಲ್ಕು, ಸ್ತನದ ಆಪರೇಷನ್ ಆದವರು ಆ ಕಡೆಯ ಕೈಯನ್ನು ಹೆದರಿ ಮಡಿಚಿಟ್ಟುಕೊಂಡರೆ ಭುಜ ಬಿಗಿಯುತ್ತದೆ, ಕೈ ಬಾವು ಬರಬಹುದು. ಕಲಿಸಿಕೊಟ್ಟ ವ್ಯಾಯಾಮವನ್ನು ಗೋಡೆ ಹಿಡಿದು ದಿನವೂ ಮಾಡಬೇಕು. ಅವರೊಬ್ಬರೇ ಮಾಡುವುದಕ್ಕಿಂತ ಪಕ್ಕದ ಮನೆಯ ಖಾಲಾ ಬಂದು ಜೊತೆಯಲ್ಲಿ ಮಾಡಿದರೆ ಹತ್ತು ನಿಮಿಷ ನಗುವಿನಲ್ಲೇ ಕಳೆಯುತ್ತದೆ. ಕಿಮೋದಿಂದ ಉದುರಿದ ಕೂದಲು ಮತ್ತೆ ಬರುತ್ತದೆ ಎಂಬುದನ್ನು ಹುಡುಗಿಯರಿಗೂ ಹೇಳಿ. ಅಮ್ಮಿಯ ತಲೆ ನೋಡಿ ಮಕ್ಕಳು ಹೆದರುತ್ತಾರೆ, ಆದರೆ ಕೇಳುವುದಿಲ್ಲ.

ಐದು, ರಂಜಾನಿನ ಉಪವಾಸ. ಕಾಯಿಲೆ ಇರುವವರಿಗೆ ಧರ್ಮವೇ ರಿಯಾಯಿತಿ ಕೊಟ್ಟಿದೆ. ಗುಣವಾದ ಮೇಲೆ ಆ ದಿನಗಳನ್ನು ತುಂಬಿಸಬಹುದು, ಅದೂ ಆಗದವರಿಗೆ ಫಿದಿಯಾ ಇದೆ. ಆದರೂ ನಮ್ಮ ಹಿರಿಯರು ಹಟ ಹಿಡಿದು ಮಾತ್ರೆ ಬಿಟ್ಟು ಉಪವಾಸ ಇರುತ್ತಾರೆ. ಇದನ್ನು ಮಗ ಸೊಸೆ ಹೇಳಿದರೆ ಕೇಳುವುದಿಲ್ಲ. ಮಸೀದಿಯ ಇಮಾಮರು ಮನೆಗೆ ಬಂದು ಹೇಳಿದರೆ ಕೇಳುತ್ತಾರೆ. ಇಮಾಮರು ಇದನ್ನು ಒಂದು ಜುಮ್ಮಾದಲ್ಲಿ ಎಲ್ಲರಿಗೂ ತಿಳಿಸಲಿ ಎಂದು ಈ ಸಭೆಯಿಂದ ಕೇಳಿಕೊಳ್ಳುತ್ತೇವೆ.

ತಾವೀಜು, ದುವಾ, ಜೇನು, ಕಪ್ಪು ಜೀರಿಗೆ ಇವುಗಳ ಬಗ್ಗೆ ಜಗಳ ಬೇಡ. ದುವಾದಿಂದ ಮನಸ್ಸಿಗೆ ಬಲ ಬರುತ್ತದೆ. ಆದರೆ ಮಲೆನಾಡಿನ ತೊಗಟೆ ಔಷಧಿಗೋ ಯಾರೋ ಹೇಳಿದ ಪುಡಿಗೋ ಆರು ತಿಂಗಳು ಕಳೆದು, ಅಂಗೈಯಷ್ಟಿದ್ದ ಗಾಯ ಕೆನ್ನೆಯ ತುಂಬ ಆದ ಮೇಲೆ ಆಸ್ಪತ್ರೆಗೆ ಹೋದರೆ ವೈದ್ಯರ ಕೈಯಲ್ಲೂ ಏನೂ ಉಳಿದಿರುವುದಿಲ್ಲ. ಬೇರೆ ಏನೇ ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಗೆ ಮುಚ್ಚಿಡಬೇಡಿ. ಗುಟ್ಕಾ ವಿಷಯವನ್ನೂ ಹೀಗೆಯೇ ನೇರವಾಗಿ ಹೇಳುತ್ತೇವೆ. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಅಂದಿನಿಂದ ಪಾನ್ ಮಸಾಲೆಯ ಚೀಟಿ ಒಂದು, ತಂಬಾಕಿನ ಚೀಟಿ ಒಂದು ಎಂದು ಬೇರೆ ಬೇರೆ ಕೊಂಡು ಬಾಯಲ್ಲಿ ಸೇರಿಸುತ್ತಿದ್ದೇವೆ. ಬಾಯಿಯಲ್ಲಿ ಮೂರು ವಾರ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ ಇವನ್ನು ತಡಮಾಡದೆ ತೋರಿಸಬೇಕು. 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆಗೆ ಸರ್ಕಾರದ ಕಾರ್ಯಕ್ರಮವೇ ಇದೆ. ಗಂಡಸು ಡಾಕ್ಟರಿಗೆ ತೋರಿಸಲು ಸಂಕೋಚವಾದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಲೇಡಿ ಡಾಕ್ಟರ್ ಇರುವ ದಿನ ತಿಳಿದುಕೊಂಡು ಹೋಗಿ.

ರೋಗಿಯನ್ನು ನೋಡಲು ಹೋಗುವುದು ನಮ್ಮಲ್ಲಿ ಇಯಾದತ್, ಅದು ಒಬ್ಬರ ಮೇಲೆ ಇನ್ನೊಬ್ಬರಿಗಿರುವ ಹಕ್ಕು. ಆದರೆ ಹೋದವರು ಆಡುವ ಮಾತು ಕೆಲವು ಸಲ ರೋಗಕ್ಕಿಂತ ಹೆಚ್ಚು ನೋಯಿಸುತ್ತದೆ. "ಡಾಕ್ಟರು ಎಷ್ಟು ದಿನ ಅಂದರು?" ಎಂದು ಮಂಚದ ಪಕ್ಕದಲ್ಲೇ ಕೇಳುವವರಿದ್ದಾರೆ. "ನಮ್ಮ ಚಾಚಾಗೂ ಹಿಂಗೇ ಆಗಿತ್ತು, ಉಳಿಯಲಿಲ್ಲ" ಎನ್ನುವವರಿದ್ದಾರೆ. ಹತ್ತು ನಿಮಿಷ ಕೂತು, "ನಾಳೆ ಮಕ್ಕಳ ಬುತ್ತಿ ನಮ್ಮ ಮನೆಯಿಂದ ಬರುತ್ತದೆ ಭಾಭಿ" ಎಂದು ಹೇಳಿ ಎದ್ದರೆ ಸಾಕು. ಜೊತೆಗಿರುವವರನ್ನೂ ಕಣ್ಣೆತ್ತಿ ನೋಡಿ. ತಿಂಗಳುಗಟ್ಟಲೆ ನಿದ್ದೆಗೆಟ್ಟ ಹೆಂಡತಿ ಅಥವಾ ಮಗನಿಗೆ ಒಂದು ಮಧ್ಯಾಹ್ನ ಬಿಡುವು ಕೊಟ್ಟರೆ ಅದೂ ಇಯಾದತ್ತೇ. ಮನಸ್ಸು ಕುಗ್ಗಿ ಮಾತು ನಿಂತವರಿಗೆ 14416 ಎಂಬ ಟೆಲಿ ಮನಸ್ ಸಹಾಯವಾಣಿ ಇದೆ. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಹೇಳಲು ಕಷ್ಟವಾದ ಮಾತು. ಎಲ್ಲರೂ ಗುಣವಾಗುವುದಿಲ್ಲ. "ಇನ್ನು ಮಾಡುವುದು ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ" ಎಂದ ಮೇಲೆ ಮಾಡುವುದು ಬಹಳ ಇರುತ್ತದೆ. ನೋವನ್ನು ಕಡಿಮೆ ಮಾಡುವುದು, ಗಾಯ ಶುಚಿಯಾಗಿಡುವುದು, ಮಗ್ಗುಲು ಹೊರಳಿಸುವುದು, ಕೂತು ಮಾತಾಡುವುದು. ಇದನ್ನು ವೈದ್ಯರು ಪ್ಯಾಲಿಯೇಟಿವ್ ಆರೈಕೆ ಎನ್ನುತ್ತಾರೆ, ನಾವು ಉಪಶಮನ ಆರೈಕೆ ಎನ್ನೋಣ. ಇದು ಕೊನೆಯ ದಿನಗಳಿಗೆ ಮಾತ್ರ ಎಂದು ತಿಳಿಯಬಾರದು, ರೋಗ ಗೊತ್ತಾದ ದಿನದಿಂದಲೇ ಬೇಕಾಗಬಹುದು. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ, ರೋಗಿಯ ನೋವು ಮೈಯದ್ದು ಮಾತ್ರವಲ್ಲ, ಮನಸ್ಸಿನದ್ದು, ಮನೆಯದ್ದು, ನಂಬಿಕೆಯದ್ದು ಎಲ್ಲ ಸೇರಿದ್ದು ಎಂದು ಕಲಿಸಿದರು. ಬೆಂಗಳೂರಿನಲ್ಲಿ ಕರುಣಾಶ್ರಯ 1999ರಿಂದ ಇಂಥ ರೋಗಿಗಳನ್ನು ಒಂದು ರೂಪಾಯಿ ಪಡೆಯದೆ ನೋಡಿಕೊಳ್ಳುತ್ತಿದೆ.

ತೀವ್ರ ನೋವಿಗೆ ಮಾರ್ಫಿನ್ ಮಾತ್ರೆ ಇದೆ. ಹೆಸರು ಕೇಳಿದರೆ ಅಫೀಮು ಎಂದು ಮನೆಯವರು ಹೆದರುತ್ತಾರೆ. ವೈದ್ಯರು ಹೇಳಿದ ಪ್ರಮಾಣದಲ್ಲಿ, ಗಡಿಯಾರ ನೋಡಿಕೊಂಡು ಕೊಟ್ಟರೆ ನರಳಿ ಗೋಡೆ ಗುದ್ದುತ್ತಿದ್ದವರೂ ನಿದ್ದೆ ಮಾಡುತ್ತಾರೆ, ಎದ್ದು ಕೂತು ನಮಾಜು ಮಾಡುತ್ತಾರೆ. ಮಲಬದ್ಧತೆ ಆಗುತ್ತದೆ, ಅದಕ್ಕೂ ಮಾತ್ರೆ ಕೊಡುತ್ತಾರೆ. 1985ರ ಮಾದಕ ವಸ್ತುಗಳ ಕಾಯ್ದೆಯಿಂದಾಗಿ ಆಸ್ಪತ್ರೆಗಳಿಗೆ ಇದನ್ನು ಇಟ್ಟುಕೊಳ್ಳುವುದು ಬಹಳ ಕಷ್ಟವಾಗಿತ್ತು. 2014ರ ತಿದ್ದುಪಡಿ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಆ ದಾರಿಯನ್ನು ಸರಳ ಮಾಡಿತು. ದೊಡ್ಡ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ದಿನ "ನೋವಿಗೆ ಏನು ಕೊಡುತ್ತೀರಿ, ಮುಗಿದರೆ ಎಲ್ಲಿ ಸಿಗುತ್ತದೆ?" ಎಂದು ಕೇಳಿ ಬರೆಸಿಕೊಂಡು ಬರುವುದು ನಮ್ಮ ಹಕ್ಕು.

ಇದೆಲ್ಲ ನಮ್ಮಂಥ ಸಣ್ಣ ಊರುಗಳಲ್ಲಿ ಸಾಧ್ಯವೇ? ಪಕ್ಕದ ಕೇರಳ ಇದಕ್ಕೆ ಉತ್ತರ ಕೊಟ್ಟಿದೆ. 1993ರಲ್ಲಿ ಕೋಯಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ನೋವು ಮತ್ತು ಉಪಶಮನ ಆರೈಕೆಯ ಸಂಸ್ಥೆ ಆರಂಭಿಸಿದರು. ಆಸ್ಪತ್ರೆಯಲ್ಲಿ ಕೂತರೆ ಮಂಚ ಹಿಡಿದ ರೋಗಿ ಬರಲಾರರು ಎಂದು ತಿಳಿದು, ಕೆಲವೇ ವರ್ಷಗಳಲ್ಲಿ ಮಲಪ್ಪುರಂ ಮೊದಲಾದ ಕಡೆ ನೆರೆಹೊರೆಯವರನ್ನೇ ಕೂಡಿಸಿ ಜಾಲ ಕಟ್ಟಿದರು. ಅಂಗಡಿಯವರು, ಆಟೋದವರು, ಕೂಲಿಯವರು, ವಿದ್ಯಾರ್ಥಿಗಳು ತರಬೇತಿ ಪಡೆದು ವಾರಕ್ಕೆ ಒಂದೆರಡು ಗಂಟೆ ಕೊಟ್ಟರು. ನರ್ಸು ಗಾಯ ನೋಡಿದರೆ ಇವರು ಮನೆಯ ಕಷ್ಟ ನೋಡಿದರು. ಹಣ ಬಂದದ್ದು ಹೆಚ್ಚಾಗಿ ಸ್ಥಳೀಯರ ಸಣ್ಣ ಸಣ್ಣ ದಾನದಿಂದ. 2008ರಲ್ಲಿ ಕೇರಳ ಸರ್ಕಾರವೇ ಉಪಶಮನ ಆರೈಕೆಗೆ ನೀತಿ ರೂಪಿಸಿತು. ಈ ಸಭೆಗೆ ಮುಖ್ಯವಾದದ್ದು ಒಂದಿದೆ: ಆ ಕಾರ್ಯಕರ್ತರು ರೋಗಿಯ ಮನೆಗೆ ಅಕ್ಕಿ ಒಯ್ಯುವುದನ್ನು, ಆ ಮನೆಯ ಮಕ್ಕಳ ಓದಿಗೆ ನೆರವಾಗುವುದನ್ನು ಕೂಡ ಆರೈಕೆ ಎಂದೇ ಎಣಿಸಿದರು.

ನಮ್ಮದು ಶಿಕ್ಷಣದ ಟ್ರಸ್ಟು, ಇದಕ್ಕೆ ಕೈ ಹಾಕಿದರೆ ಮೂಲ ಉದ್ದೇಶ ತಪ್ಪುತ್ತದೆ ಎಂಬ ಆಕ್ಷೇಪಣೆ ನಮ್ಮಲ್ಲೇ ಇದೆ. ಅದು ಒಳ್ಳೆಯ ಮನಸ್ಸಿನಿಂದ ಬಂದ ಆಕ್ಷೇಪಣೆ. ದಾನಿಗಳು ಮಕ್ಕಳ ಓದಿಗೆಂದು ಕೊಟ್ಟ ಹಣ ಓದಿಗೇ ಹೋಗಬೇಕು. ಆದ್ದರಿಂದ ನಾವು ಆಸ್ಪತ್ರೆ ಕಟ್ಟೋಣ ಎನ್ನುತ್ತಿಲ್ಲ, ಆಪರೇಷನ್ನಿನ ಖರ್ಚು ಹೊರೋಣ ಎನ್ನುತ್ತಿಲ್ಲ. ಮೂರು ಸಣ್ಣ ಕೆಲಸಗಳನ್ನು ಪದಾಧಿಕಾರಿಗಳ ಮುಂದೆ ಇಡುತ್ತಿದ್ದೇವೆ.

ಮೊದಲನೆಯದು, ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಒಂದು ಸಾಲು ಸೇರಿಸೋಣ: "ಮನೆಯಲ್ಲಿ ಯಾರಾದರೂ ದೀರ್ಘ ಚಿಕಿತ್ಸೆಯಲ್ಲಿದ್ದಾರೆಯೇ?" ರೋಗದ ಹೆಸರು ಬರೆಯಬೇಕಾಗಿಲ್ಲ. ಉತ್ತರವನ್ನು ಇಬ್ಬರಿಗಿಂತ ಹೆಚ್ಚು ಜನ ನೋಡಬಾರದು. ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ರೋಗ ಮುಚ್ಚಿಡುವ ಮನೆಗಳಿವೆ. ಅವರ ಭಯಕ್ಕೆ ಗೌರವ ಕೊಟ್ಟೇ ನೆರವು ತಲುಪಿಸಬೇಕು. ಅಂಥ ಮನೆಯ ಮಗುವಿಗೆ ಆ ವರ್ಷ ಹಾಜರಿ, ಅಂಕ ಕಡಿಮೆಯಾದರೂ ವಿದ್ಯಾರ್ಥಿವೇತನ ನಿಲ್ಲಿಸಬಾರದು.

ಎರಡನೆಯದು, ಓದಿನ ನಿಧಿಯನ್ನು ಮುಟ್ಟದೆ, ಪ್ರಯಾಣ ಮತ್ತು ಊಟಕ್ಕೆ ಬೇರೆಯೇ ಒಂದು ಸಣ್ಣ ನಿಧಿ. ಝಕಾತ್ ಮತ್ತು ಸದಕಾ ಲೆಕ್ಕಗಳು ಬೇರೆ ಬೇರೆ ಇರಲಿ, ಯಾವುದನ್ನು ಎಲ್ಲಿ ಬಳಸಬಹುದು ಎಂದು ಉಲಮಾಗಳನ್ನು ಕೇಳಿಯೇ ಬಳಸೋಣ. ಸದಕಾ ನಿಧಿಯ ಬಾಗಿಲು ಎಲ್ಲರಿಗೂ ತೆರೆದಿರಲಿ. ನಮ್ಮ ಊರುಗಳಲ್ಲಿ ಮೊಹರಂ ಎಲ್ಲರ ಹಬ್ಬ, ಕಷ್ಟವೂ ಹಾಗೆಯೇ. ದಾನಿಗಳಲ್ಲಿ ನಮ್ಮ ಕೋರಿಕೆ, ಒಂದು ಸಲ ದೊಡ್ಡ ಮೊತ್ತ ಕೊಡುವುದಕ್ಕಿಂತ ತಿಂಗಳಿಗಿಷ್ಟು ಎಂದು ತಪ್ಪದೆ ಕೊಡಿ. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ, ನೆರವೂ ಅಷ್ಟೇ ದಿನ ನಡೆಯಬೇಕು.

ಮೂರನೆಯದು, ಜನ. ಈ ಟ್ರಸ್ಟಿನ ನೆರವಿನಿಂದ ಓದಿ ನರ್ಸಿಂಗ್, ಫಾರ್ಮಸಿ ಮುಗಿಸಿದ ಮಕ್ಕಳೇ, ಡಿ.ಎಡ್., ಬಿ.ಎಡ್. ಮುಗಿಸಿದವರೇ, ನಿಮ್ಮನ್ನು ಕೇಳುತ್ತಿದ್ದೇವೆ. ಪ್ರತಿ ತಾಲ್ಲೂಕಿಗೆ ನಾಲ್ಕೈದು ಜನ ಸಿಕ್ಕರೆ ಸಾಕು. ಒಬ್ಬರು ಕಾಗದಪತ್ರ ನೋಡಿಕೊಳ್ಳಲಿ, ಒಬ್ಬರು ಆಸ್ಪತ್ರೆಯ ದಾರಿ ತೋರಿಸಲಿ, ಒಬ್ಬರು ವಾರಕ್ಕೊಮ್ಮೆ ಮನೆಗೆ ಹೋಗಿ ಬರಲಿ, ಒಬ್ಬರು ಆ ಮನೆಯ ಮಗುವನ್ನು ಸಂಜೆ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು ತಪ್ಪಿದ ಪಾಠ ಹೇಳಿಕೊಡಲಿ.

ಪಾಲಕರೆ, ಕೊನೆಯದಾಗಿ ನಿಮಗೆ ಒಂದು ಮಾತು. ಕಷ್ಟ ಹೇಳಿಕೊಳ್ಳುವುದು ಭಿಕ್ಷೆ ಬೇಡಿದಂತೆ ಎಂದು ತಿಳಿಯಬೇಡಿ. ಅರ್ಜಿಯ ಆ ಸಾಲನ್ನು ಖಾಲಿ ಬಿಡಬೇಡಿ. ನಿಮ್ಮ ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದರೆ ಅಲ್ಲಾಹನಿಗೆ ಶುಕ್ರು ಹೇಳಿ, ಪಕ್ಕದ ಮನೆಯ ಹೆಸರನ್ನು ಅವರ ಒಪ್ಪಿಗೆ ಪಡೆದು ನಮಗೆ ತಿಳಿಸಿ. ಅರ್ಜಿಯ ನಮೂನೆ ಮತ್ತು ಜೊತೆಗಿಡಬೇಕಾದ ದಾಖಲೆಗಳ ವಿವರ ಈ ವರದಿಯ ವಿದ್ಯಾರ್ಥಿವೇತನ ಪ್ರಕಟಣೆಯಲ್ಲಿದೆ. ಓದಲು ಬಾರದವರಿಗೆ ಮಕ್ಕಳೇ ಓದಿ ಹೇಳಿ, ತುಂಬಿಕೊಡಿ.